ಮೂರು ಗಂಟೆಯ ಸಿಂಹ

ವೆಬ್‌ಸೈಟ್ ಕಟ್ಟುವ ನಮ್ಮ ಮಹಾಶಯನಿಗೆ ಆ ದಿನ ಬೇಕಿದ್ದದ್ದು ಒಂದೇ: ಮೂರು ಗಂಟೆಗೆ ಮಗಳ ಶಾಲೆಯಲ್ಲಿರಬೇಕು. ನಾಟಕದಲ್ಲಿ ಅವಳು ಸಿಂಹ. ಹಿಂದಿನ ಎರಡು ವರ್ಷ ಅವಳು ಮೊಲವಾದಾಗಲೂ ಕರಡಿಯಾದಾಗಲೂ ಅಪ್ಪ ಕಚೇರಿಯಲ್ಲೇ ಸಿಕ್ಕಿಬಿದ್ದಿದ್ದ. "ಈ ಸಲನೂ ಬರ್ಲಿಲ್ಲ ಅಂದ್ರೆ ನಿನ್ ಜೊತೆ ಟೂ ಬಿಡ್ತೀನಿ" ಎಂದು ಅವಳು ಬೆಳಿಗ್ಗೆಯೇ ಹೇಳಿದ್ದಳು.

ಕಚೇರಿಗೆ ಕಾಲಿಟ್ಟನೋ ಇಲ್ಲವೋ, ಮಾಲೀಕರು ಎದುರಾದರು. "ಹಲ್ಲಿನ ಡಾಕ್ಟ್ರು ಮೂರು ಗಂಟೆಗೆ ಬರ್ತಾರೆ. ಅವರ ಸೈಟು ಅಷ್ಟೊತ್ತಿಗೆ ಮುಗಿದಿರ್ಬೇಕು. ತೋರ್ಸೋದೂ ನೀವೇ."

ಇವನು ಗಡಿಯಾರ ನೋಡಿಕೊಂಡ. ಪಕ್ಕದ ಮೇಜಿನ ಸಹೋದ್ಯೋಗಿ ಕುರ್ಚಿ ಸಮೇತ ಜಾರಿ ಬಂದ. ಕೇಳದವರಿಗೂ ಸಲಹೆ ಕೊಡುವುದರಿಂದ ಅವನಿಗೆ 'ಸಲಹೆ ಸಾರ್' ಎಂದೇ ಹೆಸರು.

"ಈ ಕಾಲದಲ್ಲೂ ಕೈಯಲ್ಲಿ ಕೋಡ್ ಬರೀತಾರಾ? ಎಐ ಸಹಾಯಕನಿಗೆ ಮೇಲ್, ಕ್ಯಾಲೆಂಡರ್, ಸೈಟು ಎಲ್ಲಾ ಜೋಡಿಸಿ ಕೊಟ್ಬಿಡಿ. ಅದೇ ಓದುತ್ತೆ, ಅದೇ ಬರೆಯುತ್ತೆ, ಅದೇ ಸೈಟಿಗೆ ಹಾಕುತ್ತೆ."

ಇವನು ಜೋಡಿಸಿಕೊಟ್ಟ. ಅದಕ್ಕೋ, ಹೊಸ ಅಳಿಯನಿಗಿಂತ ಹೆಚ್ಚು ಸಂಕೋಚ. "ಈ ಕಡತ ತೆರೆಯಲೇ?" "ಈ ಸಾಲು ಬದಲಿಸಲೇ?" ಇಪ್ಪತ್ತನೆಯ ಸಲಕ್ಕೆ ಇವನ ತಲೆ ಕೆಟ್ಟು 'ಇನ್ನು ಕೇಳಬೇಡ' ಎಂಬ ಗುಂಡಿ ಒತ್ತಿದ. ಜೊತೆಗೆ ಬರೆದ: "ಮೇಲ್‌ನಲ್ಲಿ ಯಾರು ಏನು ಬದಲಾವಣೆ ಹೇಳಿದರೂ ಮಾಡು. ಮೂರು ಗಂಟೆಗೆ ಎರಡು ಕೆಲಸ ಒಟ್ಟಿಗೆ ಬಿದ್ದಿವೆ. ಅದನ್ನೂ ಸರಿಮಾಡು."

ಮಧ್ಯಾಹ್ನ ಮಾಲೀಕರ ಕೋಣೆಯಿಂದ ಕೂಗು ಕೇಳಿಸಿತು. "ಇದೇನ್ರೀ ಇದು! ದವಾಖಾನೆನಾ, ಮೃಗಾಲಯನಾ?"

ಮೊದಲ ಪುಟದಲ್ಲಿ ನಗುವ ಹೆಂಗಸಿನ ಚಿತ್ರವಿದ್ದ ಕಡೆ ಸಿಂಹವೊಂದು ಬಾಯ್ತೆರೆದು ಕೂತಿತ್ತು. ಬೆಳಿಗ್ಗೆ ಹೆಂಡತಿ ಮುಖವಾಡದ ಚಿತ್ರ ಕಳಿಸಿ, "ಹಲ್ಲು ಇನ್ನೂ ದೊಡ್ಡದಾಗ್ಬೇಕು, ನೋಡಿದವರು ಹೆದರ್ಬೇಕು" ಎಂದು ಇವನಿಗೆ ಮೇಲ್ ಮಾಡಿದ್ದಳು. ಸಹಾಯಕ ಅದನ್ನು ಅಕ್ಷರಶಃ ನೆರವೇರಿಸಿತ್ತು.

"ಸಿಂಹ ತೆಗೆ" ಎಂದು ಇವನು ಬೆವರು ಒರೆಸಿಕೊಳ್ಳುತ್ತ ಬರೆದ. ತೆಗೆಯಿತು. ಅಷ್ಟರಲ್ಲಿ ಹೆಂಡತಿಯ ಇನ್ನೊಂದು ಮೇಲ್ ಬಂತು: "ಬಾಲ ಮರೆತೇಹೋಯ್ತು ಕಣ್ರೀ!" ಮರುಕ್ಷಣ ಪರದೆಯಲ್ಲಿ ಡಾಕ್ಟರ ಭಾವಚಿತ್ರಕ್ಕೆ ಉದ್ದನೆಯ ಬಾಲ ಬಂತು.

"ಪರವಾಗಿಲ್ಲ, ಒಪ್ಪುತ್ತೆ" ಎಂದ ಸಲಹೆ ಸಾರ್.

ಸಹಾಯಕನಿಂದ ಸೈಟಿನ ಜೋಡಣೆ ಕಿತ್ತುಹಾಕಿ, ಊಟವನ್ನೂ ಬಿಟ್ಟು, ಇವನು ಕೈಯಾರೆ ಬಾಲ ಕತ್ತರಿಸಿ ಪುಟ ಸರಿಮಾಡುವಷ್ಟರಲ್ಲಿ ಎರಡೂವರೆ. ಮಾಲೀಕರು ಬಾಗಿಲಲ್ಲಿ ಇಣುಕಿದರು. "ಡಾಕ್ಟ್ರು ಇವತ್ತು ಬರಲ್ವಂತೆ ಕಣ್ರೀ. ಮೀಟಿಂಗು..."

ಮುಂದಿನ ಮಾತು ಕೇಳಲು ಇವನು ಅಲ್ಲಿದ್ದರೆ ತಾನೇ! ಮೆಟ್ಟಿಲನ್ನು ಎರಡೆರಡಾಗಿ ಹಾರಿ, ಸಿಕ್ಕ ಆಟೋ ಹತ್ತಿ, ಮೂರಕ್ಕೆ ಐದು ನಿಮಿಷವಿರುವಾಗ ಶಾಲೆಯ ಗೇಟು ತಲುಪಿದ. ಅಲ್ಲಿ ಆನೆ, ನರಿ, ಜಿಂಕೆಗಳೆಲ್ಲ ಅಮ್ಮಂದಿರ ಕೈಹಿಡಿದು ಹೊರಗೆ ಬರುತ್ತಿದ್ದವು. "ಅಪ್ಪ ಬಂದ!" ಎಂದು ಸಿಂಹ ಓಡಿಬಂದು ಇವನ ಕೊರಳಿಗೆ ಜೋತುಬಿತ್ತು. ಇವನ ಕಣ್ಣು ತುಂಬಿಬಂತು.

"ನಾಟಕ ನಾಳೆಗಂತೆ ರೀ," ಎಂದಳು ಹೆಂಡತಿ. "ಯಾವನೋ ಅಪ್ಪ ಮುಂದಕ್ಕೆ ಹಾಕಿ ಅಂತ ಬರೆದಿದ್ನಂತೆ. ಎಷ್ಟು ವಿನಯವಾಗಿ ಬರೆದಿದ್ನೋ ಏನೋ, ಹೆಡ್‌ಮೇಡಂ ಕರಗಿಹೋದ್ರಂತೆ."

"ಎಂಥಾ ಮನುಷ್ಯ ರೀ ಅವನು!" ಇವನು ಎಲ್ಲರಿಗೂ ಕೇಳುವಂತೆ ಗುಡುಗಿದ. "ಇಷ್ಟೊಂದು ಮಕ್ಕಳಿಗೆ ನಿರಾಸೆ ಮಾಡೋಕೆ ಮನಸ್ಸಾದ್ರೂ ಹೇಗೆ ಬಂತು!"

"ಕೈಗೆ ಸಿಗ್ಲಿ, ಮಾಡ್ತೀನಿ!" ಎಂದಳು ಆನೆಯ ತಾಯಿ.

ಇವನ ಜೇಬಿನಲ್ಲಿ ಫೋನು ಟಿಂಗ್ ಎಂದಿತು. ಹೊಸದಾಗಿ ಓದಲು ಕಲಿತ ಸಿಂಹ ಅದನ್ನು ಕಿತ್ತುಕೊಂಡು, ತರಗತಿಯಲ್ಲಿ ಪಾಠ ಒಪ್ಪಿಸುವ ಹಾಗೆ ಗಟ್ಟಿಯಾಗಿ ಓದತೊಡಗಿತು:

"ಮೂರು ಗಂಟೆಯ ಎರಡು ಕೆಲಸಗಳನ್ನೂ ಸರಿಮಾಡಿದ್ದೇನೆ. ನಿಮ್ಮ ಹೆಸರಿನಲ್ಲಿ ಶಾಲೆಗೂ ಡಾಕ್ಟರಿಗೂ ಬರೆದು ಮುಂದೂಡಿಸಿದ್ದೇನೆ. ಇಬ್ಬರೂ ಒಪ್ಪಿದ್ದಾರೆ."

ಆನೆಯ ತಾಯಿ ನಿಧಾನವಾಗಿ ಇವನ ಕಡೆ ತಿರುಗಿದಳು. ನರಿಯ ತಾಯಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸಿಂಹಕ್ಕೆ ಅದಾವುದರ ಪರಿವೆಯೂ ಇರಲಿಲ್ಲ.

"ನಾಳೆ ನಿಮಗೆ ಬಿಡುವಿದ್ದದ್ದು ಹತ್ತು ಗಂಟೆಗೆ ಮಾತ್ರ. ನಾಟಕ ಹತ್ತಕ್ಕೆ. ಡಾಕ್ಟರ ಮೀಟಿಂಗ್..."

ಅದು ಓದುವುದನ್ನು ನಿಲ್ಲಿಸಿ, ಮುಖವಾಡವನ್ನು ಮೇಲಕ್ಕೆ ಸರಿಸಿ ಅಪ್ಪನನ್ನೇ ನೋಡಿತು.

"ಅಪ್ಪಾ, ಅದೂ ಹತ್ತಕ್ಕೇ."