ಕಾಕಾನ ಇಂಜಿನ್ನು, ಕಾಕುವಿನ ಕೈ

ನಮ್ಮ ಕಾಕಾನ ಅಪ್ಪಣಿ ಇಲ್ಲದ ಓಣಿಯೊಳಗ ಒಂದು ದೀಪಾನೂ ಹತ್ತತಿರಲಿಲ್ಲ ಅಂದರ ನಂಬತೀರೇನು?

ಎಪ್ಪತ್ತರ ದಶಕದ ಮಾತು. ಕುಬಿಹಾಳದ ಬಾಜೂಕಿನ ನಮ್ಮ ಹಳ್ಳಿಗೆ ಇನ್ನೂ ಕರೆಂಟಿನ ಕಂಬ ಬಂದಿರಲಿಲ್ಲ. ಕಾಕಾ ಹಳೇ ಡೀಸೆಲ್ ಇಂಜಿನ್ನು ತಂದು ಹಿತ್ತಲದಾಗ ಕೂಡಿಸಿದ, ಡೈನಮೋ ಜೋಡಿಸಿದ, ನಾಕಾರು ಮನಿಗೆ ತಂತಿ ಎಳೆದ. ಆದರ ಒಂದು ಕಾಯ್ದೆ! ದೀಪ ಹಚ್ಚೂ ಮುಂಚೆ ಮಾಳಿಗಿ ಹತ್ತಿ 'ಹಚ್ಚಲೇನ್ರಿ?' ಅಂತ ಒದರಬೇಕು. ಕಾಕಾ ಇಂಜಿನ್ನಿಗೆ ಒಂದೀಟು ಎಣ್ಣಿ ಹೆಚ್ಚು ಬಿಟ್ಟು 'ಹಚ್ಚರಿ' ಅನ್ನಬೇಕು. ಕೇಳದ ಹಚ್ಚಿದರ ಇಂಜಿನ್ನು ಕುಸಿದು ಎಲ್ಲಾರ ದೀಪಾನೂ ಮಂಕಾಗತಿದ್ದವು.

ಬಾಜೂಮನಿಗೆ ಹುಬ್ಬಳ್ಳಿಯಿಂದ ಅಳಿಯ ಬಂದ. ಅಂವಗೇನು ಗೊತ್ತು ಪಾಪ, ಕರೆಂಟಿನ ಇಸ್ತ್ರಿ ಪೆಟಗಿ ಹಚ್ಚಿಯೇ ಬಿಟ್ಟ. ಓಣಿಯೆಲ್ಲಾ ಗವ್ವಗತ್ತಲಿ. ಕಾಕಾ ಓಡಿ ಹೋಗಿ ತಂತಿ ಕಿತ್ತಿದ.

"ಅಳಿಯಾಂದ್ರ, ಅಂಗಿ ಮುದುಡಿದ್ರ ಯಾರೂ ಸಾಯೂದಿಲ್ಲರಿ."

"ಒಂದ ತೋಳು ಉಳದೈತ್ರಿ."

"ಮಡಚಿಕೊಳ್ಳರಿ."

ಅಳಿಯ ತೋಳು ಮಡಚಿಕೊಂಡೇ ಉಂಡ.

ಇಷ್ಟೆಲ್ಲಾ ಹಟ ಯಾರ ಸಲುವಾಗಿ? ಕಾಕಾನ ಹೆಂಡತಿ, ನಮ್ಮ ಕಾಕುವಿನ ಸಲುವಾಗಿ. ಆಕಿ ಕುಂದಗೋಳದ ಹೆಣ್ಣುಮಗಳು, ಹಾಡು ಕೇಳಿಕೋತ ಬೆಳೆದಾಕಿ. ಲಗ್ನಾಗಿ ಬಂದ ಮ್ಯಾಲೆ ಕೇಳಿದ್ದು ದನದ ಗಂಟಿ, ಕಾಕಾನ ಗೊರಕಿ ಅಷ್ಟ. ಈಗ ಜಡ್ಡಾಗಿ ಹಾಸಿಗಿ ಹಿಡಿದಿದ್ದಳು. ಆಕಿಯ ಆರೈಕೆಗೆ ಅಂತ ನಾನೂ ಅಲ್ಲೇ ಇದ್ದೆ. ತವರಿನ ರಿಕಾರ್ಡು ಒಂದೈತಿ, ಅದನ್ನ ಒಮ್ಮೆ ಪೂರಾ ಸುರದಾಗ ಕೇಳಬೇಕು ಅನ್ನೂದೊಂದೇ ಆಕಿಯ ಆಸೆ.

ಆದರ ರಿಕಾರ್ಡು ತಿರುಗಸೂ ಪೆಟಗಿ ಕರೆಂಟಿಂದು, ಅದು ತಿರುಗೂದು ಇಂಜಿನ್ನಿನ ಓಟದ ಮ್ಯಾಲೆ. ಇಂಜಿನ್ನು ನಿಧಾನಾದರ ಹಾಡೋ ಹೆಣ್ಣುಮಗಳಿಗೆ ಮೀಸಿ ಬಂದಂಗ ಆಗತಿತ್ತು, ಜೋರಾದರ ಆಕಿ ಕೂಸಾಗತಿದ್ದಳು. ಕಾಕಾಗೋ, ಹಾಡಿದರೂ ಒಂದೇ, ಎಮ್ಮಿ ಒದರಿದರೂ ಒಂದೇ! ಅದಕ್ಕ ಕಾಕು ಹಾಸಿಗಿಯಿಂದ ಹಿತ್ತಲದ ಕಿಡಕಿಯೊಳಗ ಕೈ ತೋರಸತಿದ್ದಳು. ಕೈ ಎತ್ತಿದರ ಕಾಕಾ ಓಟ ಹೆಚ್ಚು ಮಾಡೂದು, ಇಳಿಸಿದರ ಕಮ್ಮಿ ಮಾಡೂದು. ಅಷ್ಟರಾಗ ಯಾರೋ ದೀಪ ಹಚ್ಚತಿದ್ದರು, ಹಾಡು ಕೆಡತಿತ್ತು, ಕಾಕಾ ಬೈಕೋತ ಓಣಿಗೆ ಓಡತಿದ್ದ.

ಒಂದು ಸಂಜೀಮುಂದ ಓಣಿಯವರು ತಾವಾಗೇ ದೀಪ ಆರಿಸಿ ನಮ್ಮ ಕಟ್ಟಿ ಮ್ಯಾಲೆ ಬಂದು ಕೂತರು. ಹಾಡು ಶುರುವಾತು. ಕಾಕುವಿನ ಕೈ ಏಳಲಿಲ್ಲ, ಇಳಿಯಲಿಲ್ಲ. ಕಾಕಾ ಬೆವರು ಒರಸಿಕೊಳ್ಳದ ಕಿಡಕಿಯನ್ನೇ ನೋಡಿಕೋತ ನಿಂತ. ಹಾಡು ಮುಗೀತು.

"ಸರಿ ಬಂತೇನು?" ಅಂತ ಕೇಳಿದ.

"ಅಗದಿ ಸರಿ ಬಂತ್ರಿ," ಅಂದಳು ಕಾಕು.

ಕಾಕಾ ಸಣ್ಣ ಹುಡುಗರಂಗ ಕಟ್ಟಿ ಕಡೆ ಓಡಿದ. "ಎಲ್ಲಾರೂ ದೀಪ ಹಚ್ಚರಿ, ಇವತ್ತ ನನ್ನ ಕೇಳಬ್ಯಾಡ್ರಿ," ಅಂದ.

ಹಾಡಿನ ನಡುವ ಸುರ ಇಳಿದದ್ದು ನನಗೂ ಗೊತ್ತಾಗಿತ್ತು. "ಕಾಕು, ಕೈ ಯಾಕ ಎತ್ತಲಿಲ್ಲ?" ಅಂತ ಮೆಲ್ಲಕ ಕೇಳಿದೆ.

"ಸುಮ್ಮನಿರ ಬೇ," ಅಂದಳು. "ನಾ ಹೋದ ಮ್ಯಾಲೆ, ಇದೊಂದು ಮಾಡಲಿಲ್ಲಲಾ ಅಂತ ಅವರು ಕೊರಗಬಾರದು."