ತಪ್ಪಿಸಿಕೊಂಡ ಅರ್ಧ

ಆ ಸೋಮವಾರದ ರಗಳೆಗೆಲ್ಲ ಕಾರಣ ಒಂದು ಅರ್ಧ.

ಯಾರು ಕರೆದರೂ 'ಒಂದ್ನಿಮಿಷ' ಅನ್ನುತ್ತಿದ್ದ ಪ್ರೋಗ್ರಾಮರನಿಗೆ ಆಫೀಸಿನಲ್ಲಿ ಅದೇ ಹೆಸರು ನಿಂತುಹೋಗಿತ್ತು. ಅಕ್ಷರಗಳು ಎಷ್ಟು ಸಲ ಮರುಕಳಿಸುತ್ತವೆ ಅಂತ ಲೆಕ್ಕ ಹಾಕುವ ತಂತ್ರಾಂಶ ಅವನ ತಲೆಗೆ ಕಟ್ಟಿದ ಕೆಲಸ. 'ಗಡಗಡಗ' ಕೊಟ್ಟರೆ, ಮರುಕಳಿಸುವ ತುಂಡು 'ಗಡ', ಬಂದದ್ದು ಎರಡೂವರೆ ಸಲ ಅಂತ ಅದು ಹೇಳಬೇಕು. ತುಂಡಿನ ಉದ್ದಕ್ಕೆ ಆವರ್ತ, ಎಷ್ಟು ಸಲ ಅನ್ನುವುದಕ್ಕೆ ಘಾತ ಅಂತ ಘನವಾದ ಹೆಸರುಗಳು ಬೇರೆ! ತಂತ್ರಾಂಶ ಮಾತ್ರ 'ಎರಡು' ಅಂದು, ಅರ್ಧವನ್ನು ನುಂಗಿ ನೀರು ಕುಡಿಯುತ್ತಿತ್ತು.

"ಸಂಜೆಯೊಳಗೆ ಆ ಅರ್ಧ ತೋರ್ಸಿ, ಮೂರು ದಿನ ರಜೆ ತಗೊಳ್ಳಿ," ಅಂದಿದ್ದರು ಮುಖ್ಯಸ್ಥರು.

ಹೆಂಡತಿ ತವರಿನಲ್ಲಿದ್ದಳು. ತಿಂಗಳು ತುಂಬಿದ ಮಗಳನ್ನು ಅವನು ಫೋನಿನಲ್ಲಷ್ಟೇ ನೋಡಿದ್ದ. ಎತ್ತಿಕೊಳ್ಳುವ ಆಸೆಗೆ ಊಟವೂ ಸೇರುತ್ತಿರಲಿಲ್ಲ.

ಬೆಳಿಗ್ಗೆ ಅವನು ವಾರದ ವರದಿಯನ್ನು ತನ್ನ ಹಳೇ ವರದಿಗಳ ಫೈಲಿನ ಕೊನೆಗೆ ಒಂದೊಂದೇ ಪ್ಯಾರಾ ಅಂಟಿಸುತ್ತಿದ್ದಾಗಲೇ ಪಕ್ಕದ ಮೇಜಿನ ಅಕ್ಕ ಕೂಗಿದಳು.

"ಬಾರಪ್ಪಾ ಬೇಗ! ನಿನ್ನ ತಂತ್ರಾಂಶ ಈಗ ಮೂರು ಅಂತಿದೆ!"

"ಒಂದ್ನಿಮಿಷ!" ಅಂದವನು ಅಂಟಿಸಿದ್ದಷ್ಟನ್ನೇ ಸೇವ್ ಮಾಡಿ ಓಡಿದ.

"ಏನ್ ಮಾಡಿದ್ರಿ ಅಕ್ಕಾ?"

"ಪಾಪ, ಸಹಾಯ ಮಾಡೋಣ ಅಂತ ಸ್ವಲ್ಪ ತಿದ್ದಿದೆ. ಎರಡಕ್ಕಿಂತ ಮೂರು ಜಾಸ್ತಿ ತಾನೆ?"

ಅಷ್ಟರಲ್ಲಿ ಎದುರು ಮೇಜಿನ ಹಿರಿಯರು ಬಂದು, "ಎಲ್ಲದಕ್ಕೂ ಅರ್ಧ ಕೂಡಿಸಿಬಿಡಯ್ಯ, ತಲೆನೋವೇ ಇಲ್ಲ," ಅಂತ ತಾವೇ ಕೂಡಿಸಿಯೂಬಿಟ್ಟರು. ಈಗ ಬರೀ 'ಗಡ' ಕೊಟ್ಟರೂ ಒಂದೂವರೆ! ಇಬ್ಬರನ್ನೂ ಕೈಮುಗಿದು ಕಾಫಿಗೆ ಅಟ್ಟಿ, ಒಂದ್ನಿಮಿಷ ಮಧ್ಯಾಹ್ನವಿಡೀ ಒದ್ದಾಡಿದ. ನಾಲ್ಕಕ್ಕೆ ಪರದೆಯ ಮೇಲೆ ಎರಡೂವರೆ ಮೂಡಿತು. ಅವನು ಕುರ್ಚಿಯನ್ನೇ ತಬ್ಬಿಕೊಂಡ.

ಮುಖ್ಯಸ್ಥರು ಬಂದು ನೋಡಿದರು. "ಇದು ತೀರಾ ಚಿಕ್ಕದಾಯ್ತು. ಉದ್ದದ್ದೇನಾದ್ರೂ ಇದೆಯಾ?"

"ಸಾರ್, ಇವನ ವಾರದ ವರದಿಗಳ ಫೈಲೇ ಇದೆಯಲ್ಲ!" ಅಂದಳು ಅಕ್ಕ, ಅದನ್ನು ತಂತ್ರಾಂಶಕ್ಕೆ ಕೊಟ್ಟು ಇನ್ನೊಂದು ಸಹಾಯ ಮಾಡುತ್ತಾ.

ಅವನು ಮೌಸಿಗೆ ಕೈ ಚಾಚಿದ. "ಒಂದ್ನಿಮಿಷ ಸಾರ್..." ಅನ್ನುವಷ್ಟರಲ್ಲಿ ಉತ್ತರ ಬಂದೇಬಿಟ್ಟಿತು.

ಆವರ್ತ: ಆರುನೂರ ಹನ್ನೆರಡು ಅಕ್ಷರ. ಘಾತ: ಹದಿನಾಲ್ಕೂವರೆ.

ಮುಖ್ಯಸ್ಥರು ಮೊದಲ ಸಾಲು ಓದಿದರು: "'ಕೆಲಸ ಭರದಿಂದ ಸಾಗಿದೆ.' ಹದಿನಾಲ್ಕು ವಾರ ಇದನ್ನೇ ಕೊಟ್ಟಿದ್ದೀರಿ. ಈ ವಾರ ಪೂರ್ತಿ ಅಂಟಿಸೋಕೂ ಸೋಮಾರಿತನ!"

ಒಂದ್ನಿಮಿಷ ಮೆಲ್ಲಗೆ ಫೈಲು ಮುಚ್ಚಿದ.

"ಆದ್ರೆ ಅರ್ಧ ಸರಿಯಾಗಿ ತೋರ್ಸಿದ್ದೀರಿ. ಮಾತಿಗೆ ತಪ್ಪೋನಲ್ಲ ನಾನು. ಮೂರು ದಿನ ರಜೆ ನಿಮ್ಮದು," ಅಂದರು ಮುಖ್ಯಸ್ಥರು. "ಮೊದಲನೇ ವರದಿ ನೀವೇ ಬರೆದದ್ದು, ಒಪ್ಪಿದೆ. ಉಳಿದ ಹದಿಮೂರೂವರೆ ಬರೆದಿಟ್ಟು ಹೊರಡಿ."

ಫೋನು ಬಡಿದುಕೊಂಡಿತು. "ಹೊರಟ್ರಾ?" ಹೆಂಡತಿ ಕೇಳಿದಳು. "ಮಗಳು ಎದ್ದು ಬಾಗಿಲ ಕಡೆನೇ ನೋಡ್ತಿದ್ದಾಳೆ."

ಅವನು ಕುರ್ಚಿ ಎಳೆದು ಕೂತ.

"ಒಂದ್ನಿಮಿಷ."