ಮೆಕ್ಕೆಜೋಳ ಕುಡಿದ ಕಾರು

ಕೆಲವರಿಗೆ ಬೆಳಗಾಗೆದ್ದು ರಾಶಿಫಲ ನೋಡದಿದ್ದರೆ ಕಾಫಿ ಇಳಿಯುವುದಿಲ್ಲ. ನನಗೆ ವಾಹನಗಳ ಸುದ್ದಿ ಓದದಿದ್ದರೆ ಇಳಿಯುವುದಿಲ್ಲ. ಓದಿದ ಮೇಲೆ ಇಳಿದದ್ದೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಯಾವ ಗಾಡಿಗೆ ಎಷ್ಟು ಏರ್‌ಬ್ಯಾಗ್, ಯಾವ ನಿಯಮ ಯಾವಾಗಿನಿಂದ ಜಾರಿ, ಎಲ್ಲವೂ ಬಾಯಿಪಾಠ. ಇಷ್ಟೆಲ್ಲ ಬಲ್ಲ ನನ್ನ ಬಳಿ ಇರುವುದು ಒಂದು ಹಳೆಯ ಪೆಟ್ರೋಲ್ ಕಾರು. ಮಗಳನ್ನು ಶಾಲೆಗೆ ಸೇರಿಸಿದ ವರ್ಷ ಕೊಂಡದ್ದು. ಅವಳ ಓದು ಮುಗಿದರೂ ಇದರ ಓಟ ಮುಗಿದಿಲ್ಲ. ಸರಸ್ವತಿ ನಗರದ ನಮ್ಮ ಮನೆಯ ಮುಂದೆ ಅದನ್ನು ಒರೆಸುತ್ತಿದ್ದಾಗ ಹೆಂಡತಿ ಗಿರಿಜಾ ಒಮ್ಮೆ, "ನನ್ನ ಮುಖಾನ ಒಂದಿನಾನೂ ಹಿಂಗೆ ದಿಟ್ಟಿಸಿ ನೋಡ್ಲಿಲ್ಲ ಬಿಡ್ರಿ ನೀವು" ಎಂದಿದ್ದಳು.

ಇಂಥ ಕಾರಿಗೆ ಈಗ ಎಥೆನಾಲ್ ಕುಡಿಸುತ್ತಿದ್ದಾರೆ, ನೂರಕ್ಕೆ ಇಪ್ಪತ್ತು ಪಾಲು! ಕಬ್ಬಿನಿಂದ, ಅಕ್ಕಿಯಿಂದ, ನಮ್ಮ ಸೀಮೆಯ ಮೆಕ್ಕೆಜೋಳದಿಂದ ಇಳಿಸುವ ಸ್ಪಿರಿಟ್ಟು ಅದು. ಹೊಸ ಕಾರುಗಳನ್ನು ಅದಕ್ಕೆ ಹೊಂದುವಂತೆಯೇ ಮಾಡುತ್ತಾರಂತೆ, ಸಂತೋಷ. ನನ್ನ ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹತ್ತು ಪಾಲು ದಾಟಬೇಡಿ ಎಂದು ಅಚ್ಚಾಗಿದೆಯಲ್ಲ, ಅದಕ್ಕೇನು ಮಾಡಲಿ? ಎರಡೂ ಥರದ್ದು ಇಡಿ, ಬೇಕಾದವರು ಬೇಕಾದ್ದು ಹಾಕಿಸಿಕೊಳ್ಳಲಿ ಎಂದರೆ ಅದೂ ಇಲ್ಲ. ಬೀದಿ ಬದಿಯ ಚಹಾದವನು ಕೂಡ ಸಕ್ಕರೆ ಹಾಕಲೋ ಬ್ಯಾಡವೋ ಎಂದು ಕೇಳುತ್ತಾನೆ; ಮೈಮೇಲೆ ಸಾಲ ಮಾಡಿ ಕೊಂಡ ಗಾಡಿಯ ಹೊಟ್ಟೆಗೆ ಏನು ಹಾಕಬೇಕೆಂದು ಕೇಳುವವರಿಲ್ಲ. ಬೆಲೆಯಾದರೂ ಇಳಿಯಿತೇ? ಪಂಪಿನಲ್ಲಿ ಒಂದು ದಿನ ತಡೆಯಲಾರದೆ, "ಜೋಳ ಬೆರೆಸದ ಪೆಟ್ರೋಲ್ ಇದೆಯೇನಪ್ಪ?" ಎಂದೆ. ಪಂಪಿನಾತ ನನ್ನನ್ನೂ ಕಾರನ್ನೂ ನೋಡಿ, "ಬೆರ್ಸೋನು ನಾನಲ್ರಿ ಸಾರ್. ಹಾಕ್ಲೋ ಬ್ಯಾಡ್ವೋ ಹೇಳ್ರಿ, ಹಿಂದೆ ಗಾಡಿ ನಿಂತಾವು" ಎಂದ. ಹಾಕಿಸಿಕೊಂಡೆ. ಸಿಟ್ಟಿನಿಂದ ಕಾರು ಓಡುವುದಿಲ್ಲವಲ್ಲ.

ಆ ಸಿಟ್ಟನ್ನೆಲ್ಲ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಸುರಿದೆ. "ಈ ಪೆಟ್ರೋಲು ಕುಡಿದ ಹಳೆಯ ಕಾರು ಇವತ್ತಲ್ಲ ನಾಳೆ ನಡುರಸ್ತೆಯಲ್ಲಿ ಕೈಕೊಡುವುದು ಖಂಡಿತ" ಎಂದು ಮುಗಿಸಿದ್ದೆ. ಹರಿಹರದಲ್ಲಿರುವ ನನ್ನ ಭಾಮೈದ ಹಾಲೇಶ ಮೆಕ್ಕೆಜೋಳವನ್ನೇ ಬೆಳೆಯುವವನು. ಕೂಡಲೇ ಉತ್ತರಿಸಿದ: "ಭಾವಾರೆ, ಇಷ್ಟು ವರ್ಷಕ್ಕೆ ನಮ್ ಜೋಳ ಕೇಳೋರು ಬಂದಾರೆ. ಅದ್ರ ಮ್ಯಾಲೂ ನಿಮ್ ಕಣ್ಣಾ?" ಅದನ್ನು ಸಹಿಸಬಹುದಿತ್ತು. ಆದರೆ ಅಡುಗೆಮನೆಯಿಂದ ಗಿರಿಜಾ, "ಕೈಕೊಡೋದು ಖಂಡಿತ ಅಂತ ನೀವೇ ಬರ್ದೀರಲ್ಲ, ಮತ್ಯಾಕ ಇಟ್ಕಂಡೀರಿ? ಒಂದ್ಸಲ ರಸ್ತೆನಾಗೆ ಅದು ಮುಗ್ಗರಿಸಿದ್ರೂ ಮಾರೇ ಬಿಡೋದು" ಎಂದಳು.

ನನ್ನ ಸಂಕಟ ಈಗ ನೋಡಿ. ಕಾರು ಕೆಟ್ಟರೆ ನನ್ನ ವಾದ ಗೆಲ್ಲುತ್ತದೆ, ಕಾರು ಹೋಗುತ್ತದೆ. ಕಾರು ಓಡಿದರೆ ಕಾರು ಉಳಿಯುತ್ತದೆ, ಹಾಲೇಶನ ಮುಂದೆ ನನ್ನ ಮಾನ ಹೋಗುತ್ತದೆ. ಮೊದಲೇ ಚಿಂತೆಯ ಮನುಷ್ಯ ನಾನು. ಎರಡು ಕಡೆಯಿಂದಲೂ ಚಿಂತಿಸುವ ಅವಕಾಶ ಸಿಕ್ಕಿತು.

ಕಳೆದ ಭಾನುವಾರ ಹಾಲೇಶ ಊಟಕ್ಕೆ ಕರೆದಿದ್ದ. ಗಿರಿಜಾ, ನಾನು ಹಳೇ ಪಿ.ಬಿ. ರಸ್ತೆಯಲ್ಲಿ ಹರಿಹರದ ಕಡೆ ಹೊರಟೆವು. ರಸ್ತೆಯ ಅಂಚಿನುದ್ದಕ್ಕೂ ಮೆಕ್ಕೆಜೋಳ ಒಣಹಾಕಿದ್ದರು. ನನ್ನ ಶತ್ರು ಹಳದಿಯಾಗಿ ಬಿಸಿಲು ಕಾಯಿಸುತ್ತ ಮಲಗಿತ್ತು. ಅಲ್ಲಿಗೆ ಬಂದದ್ದೇ ಎಂಜಿನ್ನು 'ಖೊಕ್' ಎಂದಿತು. ಇಡೀ ಕಾರು ಒಮ್ಮೆ ಜಗ್ಗಿತು.

"ಏನ್ರೀ ಅದು?" ಎಂದಳು ಗಿರಿಜಾ.

ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ. "ಖೊಕ್! ಖೊಕ್! ಧೂಳು ಕಣೇ, ಗಂಟಲಿಗೆ ಹೋಯ್ತು" ಎಂದೆ.

"ಕಾರು ಜಗ್ಗಿದಂಗಾತು?"

"ಕೆಮ್ಮಿದಾಗ ಕಾಲು ಅಲುಗೋದಿಲ್ವೇ?"

ಹರಿಹರ ಮುಟ್ಟುವಷ್ಟರಲ್ಲಿ ಕಾರು ಇನ್ನೂ ಹಲವು ಸಲ ಕೆಮ್ಮಿತು. ನಾನೂ ಬಿಡಲಿಲ್ಲ. ಬಾಗಿಲಲ್ಲೇ ನಿಂತಿದ್ದ ಹಾಲೇಶ, "ಬರ್ರಿ ಭಾವಾರೆ. ಹೆಂಗೆ, ನಮ್ ಜೋಳ ಅರಗ್ತಾ ನಿಮ್ ಕಾರಿಗೆ?" ಎಂದು ನಕ್ಕ. ಅರಗಿಲ್ಲವೆಂದು ಕೂಗಿ ಹೇಳಬೇಕೆನಿಸಿತು. ಗಿರಿಜಾ ನನ್ನನ್ನೇ ನೋಡುತ್ತಿದ್ದಳು.

"ಏನೂ ತೊಂದ್ರೆ ಇಲ್ಲಪ್ಪ. ಹಗುರಾಗಿ ಬಂತು" ಎಂದೆ.

"ಹಂಗಾರೆ ಅದನ್ನೇ ಗ್ರೂಪಿಗೂ ಬರ್ದು ಹಾಕ್ರಿ. ನೀವು ತಿಳ್ದೋರು, ಜನ ನಂಬ್ತಾರೆ."

ಅವನ ಜಗಲಿಯ ಮೇಲೆ ಕೂತು, ಹಲ್ಲು ಕಚ್ಚಿಕೊಂಡು, ನಮ್ಮ ರೈತರ ಇಂಧನ ಹಳೆಯ ಕಾರಿಗೂ ಒಗ್ಗುತ್ತದೆಂದು ಬರೆದೆ. ಅಷ್ಟು ಸಿಟ್ಟಿನಿಂದ ನಾನು ಯಾವುದನ್ನೂ ಹೊಗಳಿದ್ದಿಲ್ಲ. ಇಪ್ಪತ್ತು ಪಾಲು ಮಾಡಿದವರ ಮೇಲಿನ ಕೋಪ ಹಾಗೇ ಇದೆ. ಹೇಳಿಕೊಳ್ಳಲು ಮನೆಯೊಳಗೆ ಜಾಗವಿಲ್ಲದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ದಯವಿಟ್ಟು ಹರಿಹರಕ್ಕೆ ತಿಳಿಸಬೇಡಿ.

ಈಗ ಎಲ್ಲಿಗೆ ಹೊರಟರೂ ಕಾರು ಕೆಮ್ಮಿದ ಹಿಂದೆಯೇ ನಾನೂ ಕೆಮ್ಮುತ್ತೇನೆ. ರೂಢಿಯಾಗಿ, ಕೆಲವು ಸಲ ಅದಕ್ಕಿಂತ ಮುಂಚೆಯೇ. ಗಿರಿಜಾ ಕಾರು ಮಾರುವ ಮಾತನ್ನೇ ಬಿಟ್ಟಿದ್ದಾಳೆ. ಆದರೆ ಇವತ್ತು ಸಂಜೆಗೆ ಎಂ.ಸಿ.ಸಿ. ಬಡಾವಣೆಯ ಎದೆರೋಗದ ಡಾಕ್ಟರ ಹತ್ತಿರ ನನ್ನ ಹೆಸರು ಬರೆಸಿದ್ದಾಳೆ. ನಡೆದೇ ಹೋಗೋಣ ಎಂದೆ.

"ಇಂಥ ಕೆಮ್ಮು ಇಟ್ಕಂಡು ನಡೀತೀರಾ? ಸುಮ್ನೆ ಕಾರು ತೆಗೀರಿ" ಎಂದಳು.